ಪ್ರತಿಜ್ಞೆಯ ಮೂರನೆಯ ಸಾಲು

“ಬಾಯಿಪಾಠ ಆದದ್ದನ್ನ ಹೆಂಗ ಮರೀಬೇಕು?”

ಹಂಚಿನ ಮೇಲಿನ ರೊಟ್ಟಿ ತಿರುವುತ್ತ ಗೋಪಮ್ಮ ಕೇಳಿದಳು. ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಗೋಪಮ್ಮನಿಗೆ ಓದು ಬರದು. ಆದರೆ ಎರಡು ಸಲ ಕೇಳಿದ ಪದ ಬಾಯಲ್ಲಿ ನಿಂತುಬಿಡುತ್ತಿತ್ತು. ದೇವದುರ್ಗದ ಆ ಓಣಿಯಲ್ಲಿ ಸೋಮವಾರದ ಭಜನೆಗೆ ಮೊದಲ ದನಿ ಅವಳದೇ. ಅದನ್ನು ಕೇಳಿಯೇ ಸಾಲದ ಕಂಪನಿಯ ಅನಿಲಕುಮಾರ ಹೆಂಗಸರ ಗುಂಪಿನ ಪ್ರತಿಜ್ಞೆಯನ್ನು ಅವಳಿಂದ ಹೇಳಿಸತೊಡಗಿದ್ದ. ವಾರದ ಕಂತು ಕಟ್ಟುವ ಮುಂಚೆ ಅವಳು ಒಂದೊಂದೇ ಸಾಲು ಹೇಳಬೇಕು, ಉಳಿದವರು ತಿರುಗಿ ಹೇಳಬೇಕು. ಮೂರನೆಯ ಸಾಲು: ‘ನಮ್ಮಲ್ಲಿ ಒಬ್ಬರು ಕಟ್ಟದಿದ್ದರೆ ಅವರ ಬಾಗಿಲಿಗೆ ನಾವೆಲ್ಲ ಹೋಗುತ್ತೇವೆ.’ ಎರಡು ವರ್ಷ ಅದನ್ನು ರಾಗವಾಗಿ ಹೇಳಿದ್ದಳು. ಅರ್ಥದ ಕಡೆ ಮನಸ್ಸು ಹೋಗಿರಲಿಲ್ಲ.

ಹೋದದ್ದು ಕಳೆದ ವಾರ. ಅದಕ್ಕೂ ತಿಂಗಳ ಮುಂಚೆ, ಗುಂಪಿನಲ್ಲೊಬ್ಬಳಾದ ಹೀರಾಬಿಯ ಗಂಡ ಗಾರೆ ಕೆಲಸದಲ್ಲಿ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಹೊಲಿಗೆ ಮಷೀನು ಮಾರಿದರೂ ನಾಲ್ಕು ಕಂತು ನಿಂತಿದ್ದವು. ಅವಳ ಮುಚ್ಚಿದ ಬಾಗಿಲ ಮುಂದೆ ಎಲ್ಲರನ್ನೂ ಕೂಡಿಸಿ, ಅನಿಲಕುಮಾರ ಓಣಿಗೆಲ್ಲ ಕೇಳುವಂತೆ ಪ್ರತಿಜ್ಞೆ ಹೇಳಿಸಿದ. “ಭಜನಿಗೆ ಬರಲಾರದವರೂ ಇದಕ್ಕ ಬಂದಾರ ನೋಡು,” ಎಂದು ಗುಂಪಿನ ಅಯ್ಯಮ್ಮ ಕುಟುಕಿದಳು. ಮೂರನೆಯ ಸಾಲಿಗೆ ಬಾಗಿಲ ಒಳಗಿಂದಲೂ ಒಂದು ದನಿ ಕೂಡಿತು. ಹೀರಾಬಿಯದು. ಅವಳಿಗೂ ಅದು ಬಾಯಿಪಾಠವೇ. ಆಮೇಲೆ ಬಾಗಿಲು ತೆರೆದು, ಬಿಸಿಲಾಗ ಕುಂತೀರಿ ಎಂದು ಒಂದು ಕೊಡ ನೀರು ಇಟ್ಟು ಒಳಗೆ ಹೋದಳು. ಯಾರೂ ಕುಡಿಯಲಿಲ್ಲ.

ಅಂದಿನಿಂದ ಗೋಪಮ್ಮ ದೇವರ ಪದ ಎತ್ತಿದರೂ ಆ ಸಾಲೇ ಬಾಯಿಗೆ ಬರುತ್ತಿತ್ತು.

ಇವತ್ತು ಅನಿಲಕುಮಾರ ಮೊದಲು ಅವಳ ಮನೆಗೇ ಬಂದ. ಅವನು ಕುರ್ಡಿ ಹಳ್ಳಿಯ ಕೂಲಿಯವರ ಮಗ, ಮನೆತನದಲ್ಲೇ ಮೊದಲ ಪದವೀಧರ.

“ಬ್ಯಾಂಕಿನವರು ನಿಮ್ಮನ್ನ ಒಳಗ ಬಿಟ್ಟಿದ್ರೇನು ಯವ್ವಾ? ಕಾಗದ ಕೇಳಲಾರದ ಕೊಟ್ಟವರು ನಾವು,” ಎಂದ. ಅದು ಸುಳ್ಳಾಗಿರಲಿಲ್ಲ. ಈ ತಿಂಗಳು ವಸೂಲಿ ಪೂರ್ತಿ ಆಗದಿದ್ದರೆ ತನ್ನ ನೌಕರಿಯೇ ಹೋಗುತ್ತದೆ, ಮೇಲಿನವರಿಗೆ ಊರೂ ಗೊತ್ತಿಲ್ಲ, ಮಂದಿಯೂ ಗೊತ್ತಿಲ್ಲ, ನೂರಕ್ಕೆ ಎಷ್ಟು ಬಂತು ಎಂಬುದಷ್ಟೇ ಗೊತ್ತು ಎಂದ. ಗುಂಪಿನ ಬಾಕಿ ತೀರಿದರೆ ಗೋಪಮ್ಮನ ಹೊಸ ಸಾಲ ಇವತ್ತೇ ಪಾಸು. ಮಗಳು ಕಲ್ಯಾಣಿಗೆ ರಾಯಚೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಶುಕ್ರವಾರದೊಳಗೆ ಫೀಸು ಕಟ್ಟದಿದ್ದರೆ ಅದು ಬೇರೆಯವರ ಪಾಲು.

“ಹೀರಾಬಿ ಎಲ್ಲಿಂದ ತರ್ತಾಳಪ್ಪಾ?”

“ನಾಚಿಗಿ ಬಂದರ ರೊಕ್ಕ ಬರ್ತದ. ಟ್ರೇನಿಂಗಿನಾಗ ನಮಗ ಹಂಗ ಹೇಳ್ಯಾರ.” ಹೇಳುವಾಗ ಅವನು ನೆಲ ನೋಡುತ್ತಿದ್ದ.

ಗುಂಪಿನವರೆಲ್ಲ ಹೋದಾಗ ಹೀರಾಬಿಯ ಬಾಗಿಲು ಮುಚ್ಚಿತ್ತು. ಹೊಸ್ತಿಲ ಹೊರಗೆ ತುಂಬಿದ ಕೊಡ, ಮೇಲೆ ಬೋರಲು ಹಾಕಿದ ಲೋಟ. ಬರುತ್ತಾರೆಂದು ಅವಳಿಗೆ ಗೊತ್ತಿತ್ತು. ಹೆಂಗಸರು ಸಾಲಾಗಿ ಕುಳಿತು ಗೋಪಮ್ಮನ ತುಟಿಗಳನ್ನೇ ನೋಡಿದರು. ಕಲ್ಯಾಣಿ ಕಾಲೇಜಿನ ಫಾರಂ ಹಿಡಿದು ಗೋಡೆಗೆ ಆತು ನಿಂತಿದ್ದಳು.

ಗೋಪಮ್ಮ ಎದ್ದು ಲೋಟ ತುಂಬಿಕೊಂಡು ನಿಧಾನವಾಗಿ ಕುಡಿದಳು. ಒಳಗೆ ಯಾರೋ ಬಾಗಿಲಿಗೆ ಒರಗಿದ ಸಪ್ಪಳವಾಯಿತು.

“ಶುಕ್ರವಾರ ನೆನಪದಲ್ಲ ಯವ್ವಾ?” ಅನಿಲಕುಮಾರ ಮೆಲ್ಲಗೆ ಕೇಳಿದ.

“ನೆನಪು ಅದಪ್ಪಾ.” ಅವಳು ಮಗಳನ್ನು ನೋಡಿದಳು. ಕಲ್ಯಾಣಿ ಫಾರಂ ಮಡಚುತ್ತಿದ್ದಳು.

“ಹಂಗಾದರ ಹೇಳ್ರಿ.”

“ಹೇಳಂಗಿಲ್ಲ.”