ಶಾಲು ಗಿಫ್ಟ್ ಅಲ್ಲ

ನನ್ನ ಗಂಡ ಭೀಮಸೇನರಿಗೆ ರಿಟೈರ್ ಆದ ಮೇಲೆ ಎರಡು ಚಟ ಹತ್ತಿಕೊಂಡವು. ದಿನಾ ಬೆಳಿಗ್ಗೆ ಚಹಾದ ಜೊತೆ ನಗರಸಭೆಯ ಸುದ್ದಿಪತ್ರ ಓದುವುದು ಒಂದು, ಓದಿದ್ದನ್ನೆಲ್ಲ ಅಡುಗೆಮನೆಯಲ್ಲಿರುವ ನನಗೆ ಕೂಗಿ ಹೇಳುವುದು ಇನ್ನೊಂದು. ಯಾವ ರಸ್ತೆಯ ಪೈಪು ಬದಲಾಯಿಸುತ್ತಾರೆ, ಯಾವ ಪಾರ್ಕಿಗೆ ಹೊಸ ಬೆಂಚು ಬಂತು, ಕೌನ್ಸಿಲ್ ಸಭೆಯಲ್ಲಿ ಯಾರು ಯಾರ ಮೇಲೆ ಹರಿಹಾಯ್ದರು, ಎಲ್ಲವೂ ನನಗೆ ಬಾಯಿಪಾಠ. ಡಲ್ಲಾಸ್ ಸುತ್ತಲಿನ ಊರುಗಳಲ್ಲಿ ನಮ್ಮದೂ ಒಂದು. ಹೆಸರು ಹೇಳುವುದಿಲ್ಲ, ಊರಿನದೇನೂ ತಪ್ಪಿಲ್ಲ.

ಆ ದಿನವೂ ಹಾಗೇ ಕೂಗಿದರು.

"ಏ ದಾಕ್ಷಾಯಣಿ, ಇಲ್ಲಿ ಕೇಳ. ಆಫ್ರಿಕಾದಿಂದ ಬಂದ ಮಂದಿಯ ಸಂಘಗಳಿಗೆ ಸಿಟಿಯವರು ಗ್ರಾಂಟ್ ಕೊಡಾಕತ್ತಾರ. ನಿನ್ನ ಫುರಾಹಾಗ ಹೇಳಿಯೇನು?"

ನಾನು ಒಗ್ಗರಣೆ ಅಲ್ಲಿಗೇ ಬಿಟ್ಟು ಹೊರಗೆ ಬಂದೆ. ಅವರು ಓದುವ ಸುದ್ದಿಗಾಗಿ ನಾನು ಒಲೆ ಆರಿಸಿದ್ದು ಅದೇ ಮೊದಲು.

ಫುರಾಹಾ ಕಾಂಗೋ ದೇಶದವಳು. ನಾನು ಡಾಕ್ಟರಿಕೆ ಬಿಟ್ಟ ಮೇಲೂ ಶನಿವಾರ ಒಂದು ಉಚಿತ ಕ್ಲಿನಿಕ್ಕಿಗೆ ಹೋಗುತ್ತೇನೆ. ಇಂಗ್ಲಿಷ್ ಬಾರದ ಹೆಂಗಸರನ್ನು ಕರೆದುಕೊಂಡು ಬಂದು, ಅವರ ನೋವನ್ನು ನನಗೆ ಅರ್ಥ ಮಾಡಿಸಿ ಹೇಳುತ್ತಿದ್ದವಳು ಅವಳು. ನಲವತ್ತರ ಆಸುಪಾಸು, ನಗುಮುಖ, ಸ್ವಲ್ಪ ಜಾಸ್ತಿಯೇ ಮಾತು. ಹಳೆಯ ಚರ್ಚೊಂದರ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಕಾಂಗೋದ ಅಜ್ಜಿಯರನ್ನೆಲ್ಲ ಹಗಲು ಹೊತ್ತು ಅಲ್ಲಿ ಕೂಡಿಸುತ್ತಿದ್ದಳು. ಮಕ್ಕಳೆಲ್ಲ ಏರ್‌ಪೋರ್ಟಿನಲ್ಲಿ, ಗೋದಾಮುಗಳಲ್ಲಿ ದುಡಿಯಲು ಹೋದರೆ ಈ ಮುದುಕಿಯರು ಅಪಾರ್ಟ್‌ಮೆಂಟಿನಲ್ಲಿ ಟೀವಿ ನೋಡುತ್ತ, ಅದರ ಮಾತು ತಿಳಿಯದೆ ಕೂರಬೇಕಾಗಿತ್ತು. ಕೋಣೆಗೆ ಬಂದರೆ ಕಾಳು ಆರಿಸುತ್ತಿದ್ದರು, ಜಡೆ ಹೆಣೆಯುತ್ತಿದ್ದರು, ಜಗಳವಾಡುತ್ತಿದ್ದರು. ಜಗಳವಾಡಲಿಕ್ಕೂ ಭಾಷೆ ಬೇಕಲ್ಲ.

ಅವರಲ್ಲಿ ಒಬ್ಬಳು ಫುರಾಹಾಳ ತಾಯಿ ಜವಾದಿ. ಮರೆವಿನ ಕಾಯಿಲೆ ಅವಳಿಗೆ. ಈ ಕಾಯಿಲೆ ಕೊನೆಯಲ್ಲಿ ಕಲಿತದ್ದನ್ನು ಮೊದಲು ಒಯ್ಯುತ್ತದೆ. ಜವಾದಿಗೆ ಶಾಲೆಯ ಫ್ರೆಂಚು ಹೋಗಿತ್ತು, ಮಗಳೊಡನೆ ಆಡುತ್ತಿದ್ದ ಸ್ವಾಹಿಲಿ ಹೋಗುತ್ತಿತ್ತು, ಸರೋವರದ ದಂಡೆಯ ಹುಟ್ಟೂರಿನ ಬೆಂಬೆ ಭಾಷೆಯೊಂದೇ ಉಳಿದಿತ್ತು. ಫುರಾಹಾ ಬೆಳೆದದ್ದು ನಿರಾಶ್ರಿತರ ಶಿಬಿರದಲ್ಲಿ. ಅವಳಿಗೆ ಬೆಂಬೆ ಅರ್ಧಂಬರ್ಧ. ಆ ಕೋಣೆಯಲ್ಲಿ ಅದೇ ಸರೋವರದ ದಂಡೆಯ ಇಬ್ಬರು ಮುದುಕಿಯರಿದ್ದರು. ಅವರ ನಡುವೆ ಕೂತರೆ ಜವಾದಿ ಮಾತಾಡುತ್ತಿದ್ದಳು, ನಗುತ್ತಿದ್ದಳು, ಉಣ್ಣುತ್ತಿದ್ದಳು. ಬೇರೆ ಎಲ್ಲಿ ಕೂರಿಸಿದರೂ ಗೋಡೆ ನೋಡುತ್ತಿದ್ದಳು. ಅವಳ ಕಾಯಿಲೆಗೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಔಷಧಿ ಇರಲಿಲ್ಲ.

ಚರ್ಚಿನವರು ಆ ಕೋಣೆಗೆ ಬಾಡಿಗೆ ಏರಿಸಿದ್ದರು. ಗ್ರಾಂಟ್ ಬಂದರೆ ಕೋಣೆ ಉಳಿಯುತ್ತಿತ್ತು, ಫುರಾಹಾಗೆ ಅಲ್ಲೇ ಸಂಬಳವಾಗುತ್ತಿತ್ತು, ತಾಯಿ ಕಣ್ಣೆದುರಿಗೇ ಇರುತ್ತಿದ್ದಳು. ಬರದಿದ್ದರೆ ಫುರಾಹಾ ಬೇರೆ ಕೆಲಸಕ್ಕೆ ಹೋಗಬೇಕು, ಜವಾದಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡು ಹೋಗಬೇಕು. ಇಷ್ಟೇ ವಿಷಯ.

ನನ್ನ ಗಂಡ ಸೊಂಟ ಕಟ್ಟಿದರು. ಜೀವನವಿಡೀ ಹೈವೇಯ ಸೇತುವೆ ಕಟ್ಟಿದವರು, ಕನ್ನಡ ಸಂಘಕ್ಕೆ ಎರಡು ಸಲ ಅಧ್ಯಕ್ಷರಾದವರು. ಈಗ ಸಂಘದಲ್ಲಿ ಹೊಸ ಹುಡುಗರು ಬಂದು, ಇವರನ್ನು ದೀಪ ಹಚ್ಚಲಿಕ್ಕೆ ಮಾತ್ರ ಕರೆಯುತ್ತಾರೆ. ಕಾಂಗೋದ ಹೆಂಗಸರು ಅಪ್ಪನನ್ನು ಕರೆಯುವ ಹಾಗೆ ಪಾಪಾ, ಪಾಪಾ ಎಂದು ಸುತ್ತ ಕೂತು ಕೇಳತೊಡಗಿದ್ದೇ ತಡ, ಇವರಿಗೆ ಇಪ್ಪತ್ತು ವರ್ಷ ಕಡಿಮೆಯಾಯಿತು. ಕೋಣೆಯ ಅಳತೆ ತೆಗೆದರು, ಬೆಂಕಿ ಆರಿಸುವ ಸಿಲಿಂಡರ್ ತಂದಿಟ್ಟರು, ಅರ್ಜಿಯನ್ನು ಎಷ್ಟು ಅಚ್ಚುಕಟ್ಟಾಗಿ ಬರೆದರೆಂದರೆ ಆಸ್ಟಿನ್‌ನಲ್ಲಿರುವ ಮಗಳು ನಿಶಿತಾ ಅದನ್ನು ಓದಿ, "ಅಪ್ಪಾ, ದಿಸ್ ಈಸ್ ರಿಯಲಿ ಗುಡ್" ಎಂದಳು. ಅವಳ ಬಾಯಿಂದ ಅಷ್ಟು ಬರುವುದು ಸಣ್ಣ ಮಾತಲ್ಲ.

ಮೊದಲ ಸುತ್ತಿನಲ್ಲಿ ಅರ್ಜಿ ಪಾಸಾಯಿತು. ಸಿಟಿಯ ಗ್ರಾಂಟ್ ಆಫೀಸರ್ ಖುದ್ದಾಗಿ ಬಂದು ಕೋಣೆ ನೋಡುತ್ತಾರೆ, ಆಮೇಲೆ ಕೊನೆಯ ತೀರ್ಮಾನ ಎಂದು ತಿಳಿಸಿದರು.

ಆಫೀಸರ್ ಬರುವ ಮುನ್ನಾದಿನ ನೋಡುತ್ತೇನೆ, ಇವರು ಗರಾಜಿನ ಕಪಾಟಿನಿಂದ ಸಂಘದ ಕಾಲದ ಡಬ್ಬ ಇಳಿಸಿದ್ದಾರೆ. ಮೈಸೂರು ಪೇಟ, ಜರಿ ಶಾಲು, ಗಂಧದ ಹಾರ. ಹಣ್ಣಿನ ಬುಟ್ಟಿ ಬೇರೆ ಬಂದಿದೆ.

"ರೀ, ಅಧಿಕಾರಿಗಳಿಗೆ ಗಿಫ್ಟ್ ಕೊಡಬಾರದು ಅಂತ ಅವರ ರೂಲ್ಸಿನಾಗ ಇತ್ತಲ್ಲ? ನೀವ ಓದಿ ಹೇಳಿದ್ರಿ."

"ಶಾಲು ಎಲ್ಲಿ ಗಿಫ್ಟ್ ಆಗ್ತದ? ಅದು ಮರ್ಯಾದಿ," ಎಂದರು. "ಮನಿಗೆ ಬಂದವರನ್ನ ಬರಿಗೈಲೆ ಕಳಸೂದು ಹ್ಯಾಂಗ?"

ಈಗ ಯಾರಾದರೂ ಕೇಳಿದರೆ ನಗಬಹುದು. ಆದರೆ ಆಗ ನನಗೂ ಅದು ಸರಿ ಎನಿಸಿತು. ಎಷ್ಟು ಸರಿ ಎನಿಸಿತೆಂದರೆ, ತಟ್ಟೆ ಬೋಳಾಗಿ ಕಂಡು ನನ್ನ ದೇವರ ಕೋಣೆಯ ಸಣ್ಣದೊಂದು ಬೆಳ್ಳಿ ದೀಪ ನಾನೇ ತಂದಿಟ್ಟೆ. ಶಾಲು ಹೊದಿಸುವುದನ್ನು ನಾವು ಎಂದೂ ಕೊಡುಗೆ ಎಂದುಕೊಂಡೇ ಇಲ್ಲ. ಅದು ಬಾ, ಕೂಡು ಎಂದ ಹಾಗೆ.

ಆಫೀಸರ್ ಎತ್ತರದ, ಮೆತ್ತನೆ ದನಿಯ ಹೆಂಗಸು. ಕೋಣೆಯನ್ನೆಲ್ಲ ನೋಡಿದಳು. ಜವಾದಿ ಗೆಳತಿಯರ ನಡುವೆ ಕೂತು ಏನೋ ಹೇಳಿ ಅವರನ್ನು ನಗಿಸುತ್ತಿದ್ದಳು. ಫುರಾಹಾ ತಾಯಿಯ ಕಾಯಿಲೆಯ ವಿಷಯ ಹೇಳಿದಾಗ ಆಫೀಸರ್ ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ಕೇಳಿದಳು. ಕೆಲಸ ಆಯಿತು ಎಂದು ನನ್ನ ಮನಸ್ಸು ಹೇಳಿತು. ಆಗ ಅವಳು ಹೊರಟಿದ್ದರೆ ಆಗಿಯೂ ಹೋಗುತ್ತಿತ್ತು.

ನನ್ನ ಗಂಡ ತಟ್ಟೆ ಹಿಡಿದು ಮುಂದೆ ಬಂದರು.

"ದಯವಿಟ್ಟು ಬೇಡ, ನಾನು ಇದನ್ನು ತೆಗೆದುಕೊಳ್ಳುವ ಹಾಗಿಲ್ಲ," ಎಂದು ಆಫೀಸರ್ ಎರಡು ಹೆಜ್ಜೆ ಹಿಂದೆ ಸರಿದಳು.

ನಮ್ಮ ಸನ್ಮಾನಗಳಲ್ಲಿ ಒಮ್ಮೆಗೇ ಒಪ್ಪಿದವರನ್ನು ನೀವು ನೋಡಿದ್ದೀರಾ? ಅಯ್ಯೋ ಬೇಡ, ನನಗ್ಯಾಕೆ, ಎನ್ನಲೇಬೇಕು. ನಾವು ಬಿಡಬಾರದು. ಬೇಡ ಎಂದ ಕೂಡಲೇ ಸುಮ್ಮನಾದರೆ ಬಂದವರಿಗೆ ಅವಮಾನ. ಹಾಗಾಗಿ ನನ್ನ ಗಂಡ ನಗುತ್ತ ಒತ್ತಾಯ ಮಾಡಿದರು. ಅವಳು ಮತ್ತೆ ಬೇಡವೆಂದಳು, ಇವರು ಇನ್ನಷ್ಟು ನಕ್ಕರು. ಕೊನೆಗೆ, ಹಿರಿಯರ ಕೈಯಿಂದಾದರೆ ಒಪ್ಪಿಯಾಳು ಎಂದು ಜವಾದಿಯ ಕೈಗೇ ಶಾಲು ಕೊಟ್ಟರು. ಜವಾದಿಗೆ ಏನು ತಿಳಿಯಿತೋ, ಎದ್ದು ಬಂದು ಆಫೀಸರ್ ಹೆಗಲಿಗೆ ಹೊದಿಸಿ, ಕೆನ್ನೆ ಸವರಿದಳು. ಅಜ್ಜಿಯರೆಲ್ಲ ನಾಲಿಗೆ ಹೊರಳಿಸಿ ಜಯಕಾರದ ಕೂಗು ಹಾಕಿದರು. ಪೇಟ ತಲೆಗೇರಿತು. ದೀಪ ಕೈಗೆ ಬಂತು. ಇವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಮಧ್ಯಾಹ್ನದೊಳಗೆ ಸಂಘದ ಗ್ರೂಪಿಗೂ ಹಾಕಿ, ನಗರಸಭೆಯ ಫೇಸ್‌ಬುಕ್ ಪುಟಕ್ಕೂ ಅಂಟಿಸಿದರು.

ಆ ಫೋಟೋದಲ್ಲಿ ಆಫೀಸರ್ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಮೇಲೆ. ಅವಳಿಗೆ ಅಳು ಬಂದಂತಿತ್ತು.

ಮರುದಿನ ಅವಳೇ ಎಲ್ಲವನ್ನೂ ಹಿಂದಕ್ಕೆ ಕಳಿಸಿದಳು. ಆದದ್ದನ್ನು ಮೇಲಿನವರಿಗೆ ತಿಳಿಸುವುದು ಅವಳ ಕೆಲಸವಾಗಿತ್ತು, ತಿಳಿಸಿದಳು. ಪರಿಶೀಲನೆಯ ನಡುವೆ ಅಧಿಕಾರಿಗೆ ಬೆಲೆಬಾಳುವ ವಸ್ತು ಕೊಟ್ಟದ್ದರಿಂದ ಅರ್ಜಿಯನ್ನು ಈ ವರ್ಷಕ್ಕೆ ಕೈಬಿಡಲಾಗಿದೆ ಎಂದು ಉತ್ತರ ಬಂತು. ಫುರಾಹಾಗೆ ಫೋನ್ ಮಾಡಿ ಅವಳು ಕ್ಷಮೆಯನ್ನೂ ಕೇಳಿದಳಂತೆ. ಅವಳ ಮೇಲೆ ಸಿಟ್ಟಾಗಲು ನಾನು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

ಸಿಟ್ಟೆಲ್ಲ ಮನೆಯೊಳಗೇ ತೀರಿಸಿದೆ. "ಎಲ್ಲಾ ಕಡೆ ನಿಮ್ಮ ಅಧ್ಯಕ್ಷಗಿರಿ! ಅಕಿ ಬ್ಯಾಡ ಅಂದ್ರ ಬ್ಯಾಡ ಅಂತ ತಿಳೀಬಾರದೇನ್ರಿ? ಹಾರ ಹಾಕೂದು ಬಿಟ್ರ ನಿಮಗ ಬ್ಯಾರೆ ಏನರೆ ಬರ್ತದೇನು?"

ದೀಪ ಇಟ್ಟವಳು ನೀನು ಎಂದು ಅವರು ಒಂದು ಮಾತು ಎಸೆಯಬಹುದಿತ್ತು, ಎಸೆಯಲಿಲ್ಲ. ಅದನ್ನು ಸಹಿಸುವುದು ನನಗೆ ಇನ್ನೂ ಕಷ್ಟವಾಯಿತು.

ಮುಂದಿನ ಕೌನ್ಸಿಲ್ ಸಭೆಯಲ್ಲಿ ಸಾರ್ವಜನಿಕರ ಸರದಿ ಬಂದಾಗ ಇವರು ಸೂಟು ಹಾಕಿಕೊಂಡು ಮೈಕಿನ ಮುಂದೆ ನಿಂತರು. ಮಾತಾಡಲಿಕ್ಕೆ ಮೂರು ನಿಮಿಷ. ಇದು ನನ್ನ ತಪ್ಪು, ಆ ಹೆಂಗಸರದಲ್ಲ, ನಾನು ಅವರ ಸಂಘದವನೂ ಅಲ್ಲ, ನನ್ನನ್ನು ಬೇಕಾದರೆ ಈ ಕಟ್ಟಡದೊಳಗೆ ಬಿಡಬೇಡಿ, ಆ ಕೋಣೆ ಮುಚ್ಚಿಸಬೇಡಿ, ಎಂದರು. ಸನ್ಮಾನ ಎಂದರೇನೆಂದು ವಿವರಿಸಲು ಹೊರಟಾಗ ಗಂಟೆ ಹೊಡೆಯಿತು. ಮೇಯರ್ ಬಹಳ ಗೌರವದಿಂದ ವಂದನೆ ಹೇಳಿ, ಮುಂದಿನವರ ಹೆಸರು ಕರೆದರು. ಮುಂದಿನವರು ಬೀದಿದೀಪದ ಬಗ್ಗೆ ಮಾತಾಡಿದರು.

ಬಾಡಿಗೆ ನಾವೇ ಕೊಡೋಣ ಎಂದು ನಾನು ಚರ್ಚಿಗೆ ಹೋದೆ. ಗ್ರಾಂಟ್ ಬರುತ್ತದೆಂದು ಇಷ್ಟು ದಿನ ಕಾದೆವು, ಬರುವುದಿಲ್ಲವೆಂದು ತಿಳಿದ ಮೇಲೆ ಕೋಣೆಯನ್ನು ಬೇರೆಯವರಿಗೆ ಬರೆದುಕೊಟ್ಟೆವು ಎಂದರು ಚರ್ಚಿನವರು. ಬೇರೆ ಜಾಗ ಹುಡುಕಿದೆವು. ಮುದುಕಿಯರು ನಡೆದು ಬರುವಷ್ಟು ಹತ್ತಿರ ಯಾವುದೂ ಸಿಗಲಿಲ್ಲ.

ಕೋಣೆ ಖಾಲಿ ಮಾಡಿದ ದಿನ ನನ್ನ ಗಂಡ ಫುರಾಹಾಳ ಮುಂದೆ ಕೈ ಮುಗಿದು ನಿಂತರು. ಅವಳು ಆ ಕೈಗಳನ್ನು ಬಿಡಿಸಿದಳು.

"ಪಾಪಾ, ನಮ್ಮ ಊರಲ್ಲಾದರೆ ನಾವು ಕೋಳಿಯನ್ನೇ ಕೊಡುತ್ತಿದ್ದೆವು," ಎಂದಳು. ನಗಿಸಲಿಕ್ಕೆ ಹೇಳಿದ್ದು. ಯಾರೂ ನಗಲಿಲ್ಲ.

ಫುರಾಹಾ ಏರ್‌ಪೋರ್ಟಿನಲ್ಲಿ ವಿಮಾನಗಳಿಗೆ ಊಟ ಕಟ್ಟುವ ಅಡುಗೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಮೊದಮೊದಲು ಜವಾದಿಯನ್ನು ನಮ್ಮ ಮನೆಗೇ ಬಿಡುತ್ತಿದ್ದಳು. ನಾನು ರೊಟ್ಟಿ ಬಡಿದು ಕೊಟ್ಟೆ, ಇವರು ಕೈ ಹಿಡಿದು ಹಿತ್ತಲಲ್ಲಿ ಸುತ್ತಾಡಿಸಿದರು. ಮಧ್ಯಾಹ್ನವಾಗುವಷ್ಟರಲ್ಲಿ ಅವಳು ಬಾಗಿಲ ಹತ್ತಿರ ನಿಂತು ಯಾರನ್ನೋ ಕರೆಯಲು ಶುರುಮಾಡುತ್ತಿದ್ದಳು. ಕರೆದು ಕರೆದು ಅಳುತ್ತಿದ್ದಳು. ನಾವು ಎಷ್ಟು ಪ್ರೀತಿ ಮಾಡಿದರೂ ಅವಳಿಗೆ ನಾವು ಗದ್ದಲವಷ್ಟೇ. ಇದನ್ನು ಕಂಡು ಫುರಾಹಾ ಕರೆತರುವುದನ್ನು ಬಿಟ್ಟು, ತಾಯಿಯನ್ನು ಮನೆಯೊಳಗೆ ಬಿಟ್ಟು ಬಾಗಿಲು ಹಾಕಿಕೊಂಡು ಹೋಗತೊಡಗಿದಳು. ಮಳೆಗಾಲದ ಹಾಗೆ ಮೋಡ ಕವಿದ ಒಂದು ಬೆಳಿಗ್ಗೆ ಜವಾದಿ ಹಾಕಿದ್ದ ಬಾಗಿಲನ್ನು ಹೇಗೋ ತೆಗೆದುಕೊಂಡು ಹೊರಟುಹೋದಳು. ಪೊಲೀಸರಿಗೆ ಸಿಕ್ಕಾಗ ಹೈವೇ ಪಕ್ಕದ ಹುಲ್ಲಿನಲ್ಲಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯವರು ಅವಳನ್ನು ಮನೆಗೆ ಕಳಿಸಲು ಒಪ್ಪಲಿಲ್ಲ. ಸರಕಾರಿ ವಿಮೆ ನಡೆಯುವ ನರ್ಸಿಂಗ್ ಹೋಮಿನಲ್ಲಿ ಹಾಸಿಗೆ ಖಾಲಿ ಇದ್ದದ್ದು ಹ್ಯೂಸ್ಟನ್ ಕಡೆ. ಫುರಾಹಾಳ ತಮ್ಮ ಅಲ್ಲೇ ಇದ್ದ. ಅವಳೂ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೇ ಹೋಗಿ ಗೋದಾಮಿನಲ್ಲಿ ಕೆಲಸ ಹಿಡಿದಳು. ಭಾನುವಾರ ಮಾತ್ರ ತಾಯಿಯನ್ನು ನೋಡಲು ರಜೆ.

ನಾವು ಹೋದದ್ದು ವಾರದ ನಡುವೆ. ನಾಲ್ಕು ತಾಸಿನ ದಾರಿ, ಇವರು ಒಂದು ಸಲವೂ ಕಾರು ನಿಲ್ಲಿಸಲಿಲ್ಲ. ಜವಾದಿ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದಳು. ಅರ್ಧ ಆಗಿದ್ದಳು. ಬಂದಾಗಿನಿಂದ ಮಗಳ ಹತ್ತಿರವೂ ಬಾಯಿ ಬಿಟ್ಟಿಲ್ಲ, ಫೋನಿನಲ್ಲಿ ದುಭಾಷಿಯನ್ನು ಕರೆಸಿದೆವು, ಅವರಿಗೆ ಸ್ವಾಹಿಲಿ ಮಾತ್ರ ಬರುತ್ತಿತ್ತು, ಅಜ್ಜಿ ಫೋನನ್ನು ದೂಡಿಬಿಟ್ಟರು, ಎಂದು ನರ್ಸ್ ಹೇಳಿದಳು.

ನನ್ನ ಗಂಡ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತರು. ಇಂಗ್ಲಿಷಿನಲ್ಲಿ ಹಲೋ ಎಂದರು. ಅವಳು ಗೋಡೆ ನೋಡುತ್ತಿದ್ದಳು. ಆಮೇಲೆ ಏನನಿಸಿತೋ, ಕನ್ನಡದಲ್ಲೇ ಮಾತಿಗಿಳಿದರು.

"ಯವ್ವಾ, ನನ್ನಿಂದ ತಪ್ಪಾತು. ನಿಮಗ ಇದ್ದದ್ದು ಒಂದ ಕ್ವಾಣಿ, ಅದನ್ನೂ ನಾನ ಕಳದೆ. ಛಲೋ ಮಾಡಬೇಕಂತ ಹೋಗಿದ್ನಿ, ದೇವರಾಣಿ. ನನಗ ತಿಳೀಲಿಲ್ಲ." ಇಷ್ಟು ತಿಂಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅಲ್ಲಿಯೇ.

ಜವಾದಿ ತಿರುಗಿ ಅವರ ಮುಖ ನೋಡಿದಳು. ಅವರ ಮಣಿಕಟ್ಟು ಹಿಡಿದುಕೊಂಡಳು. ಮೊದಲು ತುಟಿ ಆಡಿತು, ಆಮೇಲೆ ದನಿ ಬಂತು. ಮಾತಾಡಿದಳು. ಒಂದರ ಹಿಂದೆ ಒಂದು ಮಾತು, ಕಟ್ಟೆ ಒಡೆದ ಹಾಗೆ. ಒಂದು ಕೈಯಿಂದ ಸೊಂಟ ತೋರಿಸಿದಳು, ಹೊಟ್ಟೆ ತೋರಿಸಿದಳು, ಕಿಟಕಿ ತೋರಿಸಿದಳು. ಒಂದು ಶಬ್ದವೂ ನಮಗೆ ತಿಳಿಯಲಿಲ್ಲ.

ನರ್ಸ್ ಓಡಿ ಬಂದಳು. ಅವಳ ಕಣ್ಣು ತುಂಬಿತ್ತು.

"ದೇವರ ದಯೆ! ಕೊನೆಗೂ ಇವರ ಭಾಷೆಯವರು ಬಂದಿರಲ್ಲ," ಎಂದಳು. "ಸರ್, ನೋವು ಎಲ್ಲಿದೆ ಕೇಳಿ. ಯಾಕೆ ಊಟ ಮಾಡುತ್ತಿಲ್ಲ ಕೇಳಿ. ಏನು ಹೇಳಿದರು ಈಗ?"

ಅವರು ನನ್ನನ್ನು ನೋಡಿದರು. ಇಷ್ಟು ವರ್ಷ ಡಾಕ್ಟರಾಗಿದ್ದ ನಾನು ನೆಲ ನೋಡಿದೆ.

ಅಷ್ಟರಲ್ಲಿ ಜವಾದಿ ಮಾತು ನಿಲ್ಲಿಸಿದ್ದಳು. ಕೊನೆಯಲ್ಲಿ ಏನನ್ನೋ ಕೇಳಿದ್ದಳು. ಕೇಳಿದ್ದು ಎಂಬುದಷ್ಟೇ ದನಿಯಿಂದ ಗೊತ್ತಾಯಿತು. ಉತ್ತರಕ್ಕಾಗಿ ನನ್ನ ಗಂಡನ ಬಾಯಿಯನ್ನೇ ನೋಡುತ್ತ ಕಾದಳು. ಪೆನ್ನು ಹಿಡಿದು ನರ್ಸೂ ಕಾದಳು.

"ನನಗ ತಿಳೀವಲ್ದವ್ವಾ," ಎಂದರು ಇವರು.

ಜವಾದಿ ಸ್ವಲ್ಪ ಮುಂದಕ್ಕೆ ಬಾಗಿದಳು. ನಮಗೆ ಕಿವಿ ಮಂದವೇನೋ ಎಂಬಂತೆ, ಅದನ್ನೇ ಮತ್ತೊಮ್ಮೆ, ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದಳು.