ಎರಡು ಬಾಲದ ಮೀನು

ಅತ್ತೆ ತನ್ನ ಅಡುಗೆಮನೆಯ ಬೀರುವನ್ನು ಕೈಗಾಡಿಯಲ್ಲಿ ಹೇರಿಸಿಕೊಂಡು ವಾಪಸು ತಂದಳು. ಮೇಲೊಂದು ಹೊದಿಕೆಯೂ ಇರಲಿಲ್ಲ; ದಾರಿಯಲ್ಲಿ ಹೋಗುವವರೆಲ್ಲ ನೋಡಲಿ ಎಂದೇ ಇರಬೇಕು. ಗಾಡಿಯವನು ಅದನ್ನು ನಮ್ಮ ವರ್ಕ್‌ಶಾಪಿನೊಳಗೆ ಇಳಿಸಿ, ಹೊರಗೆ ಹೋಗಿ ಗಾಡಿಗೆ ಒರಗಿ ನಿಂತ.

"ಅಣ್ಣಾ, ನಾನು ಯಾವ ಬಣ್ಣ ಕೇಳಿದ್ದೆ?"

"ನೀಲಿ."

"ಮತ್ತೆ ಈ ಪಾಚಿ ಎಲ್ಲಿಂದ ಬಂತು? ಎಂಟೇ ತಿಂಗಳು. ಕೆರೆ ದಂಡೇಲಿ ಕೂತು ಅಡುಗೆ ಮಾಡಿದ ಹಾಗಾಗ್ತಿದೆ ನಂಗೆ."

ಅಪ್ಪ ನಕ್ಕ. ಬೀರುವಿನ ಬಾಗಿಲ ಮೇಲೆ ಕೈಯಾಡಿಸಿದ. "ನೀಲಿಯಾಗೇ ಇದೆಯಲ್ಲೇ. ಮೊದಲು ನಿನ್ನ ಕಣ್ಣು ತೋರಿಸ್ಕೋ ಹೋಗು."

ಅತ್ತೆ ನನ್ನ ಮುಖ ನೋಡಿದಳು. ನಾನು ಬ್ರಷ್ಷುಗಳ ಡಬ್ಬಿ ನೋಡಿದೆ.

ಅಪ್ಪನ ಕಣ್ಣನ್ನು ಹೋದ ವರ್ಷವೇ ತೋರಿಸಿಯಾಗಿತ್ತು. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಹೋದದ್ದು ಮತ್ತೆ ಬರುವುದಿಲ್ಲ, ಹಳದಿಗೂ ನೀಲಿಗೂ ಇರುವ ವ್ಯತ್ಯಾಸ ಈಗಾಗಲೇ ಹೋಗಿರಬೇಕು ಎಂದು ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು. ಹೊರಗೆ ಬೆಂಚಿನ ಮೇಲೆ ಅಪ್ಪ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. "ಏನಂತೆ?" ಎಂದ. "ವಯಸ್ಸಿಂದು. ದಿನಾ ಎರಡು ಹನಿ ಔಷಧಿ ಬಿಟ್ಕೊಂಡ್ರೆ ಸಾಕಂತೆ" ಎಂದೆ. ನಲವತ್ತು ವರ್ಷ ಬಣ್ಣ ಬಳಿದವನಿಗೆ ಅದಕ್ಕಿಂತ ಹೆಚ್ಚಿಗೆ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಎಷ್ಟೋ ನಾಳೆಗಳು ಬಂದು ಹೋದವು.

ಅಡುಗೆಮನೆಯ ಬೀರುವಿಗೆ ಹಬೆ, ಜಿಡ್ಡು, ಒದ್ದೆ ಕೈ ಎಲ್ಲವನ್ನೂ ತಡೆಯುವ ಕೋಟ್ ಬೇಕು. ನಮ್ಮಲ್ಲಿ ಎರಡು ಬಗೆಯ ವಾರ್ನಿಷ್ ಇದೆ. ಎಣ್ಣೆಯದು ಉಗುರಿನಷ್ಟು ಗಟ್ಟಿ, ಆದರೆ ಬರಬರುತ್ತ ಹಳದಿಯಾಗುತ್ತದೆ. ನೀರಿನದು ತಿಳಿಯಾಗಿಯೇ ಇರುತ್ತದೆ, ಆದರೆ ಅಪ್ಪನಿಗೆ ಅದರ ಮೇಲೆ ನಂಬಿಕೆ ಕಡಿಮೆ. ಹಾಗಾಗಿ ಅವನದೊಂದು ಪರೀಕ್ಷೆ: ಉಳಿದ ಬಣ್ಣವನ್ನು ಹಲಗೆಯೊಂದಕ್ಕೆ ಬಳಿದು, ಅರ್ಧಕ್ಕೆ ಮಾತ್ರ ಎಣ್ಣೆ ವಾರ್ನಿಷ್ ಹಚ್ಚಿ, ಮೂರು ವಾರ ಪೆಟ್ಟಿಗೆಯೊಳಗೆ ಮುಚ್ಚಿಡುವುದು. ಈ ವಾರ್ನಿಷ್ ಕೆಡುವುದು ಬಿಸಿಲಿನಲ್ಲಲ್ಲ, ಕತ್ತಲಲ್ಲಿ.

ಅತ್ತೆಯ ಬೀರುವಿಗೂ ಹಾಗೇ ಮಾಡಿದ್ದ. ಮೂರು ವಾರದ ಮೇಲೆ ಹಲಗೆಯನ್ನು ಕಿಟಕಿಯ ಹತ್ತಿರ ಹಿಡಿದು, ಓರೆ ಮಾಡಿ ನೋಡಿ, "ಏನೂ ಆಗಿಲ್ಲ. ಎಣ್ಣೇದೇ ಹಾಕೋಣ, ಅಲ್ವಾ?" ಎಂದ. ವಾರ್ನಿಷ್ ಹಚ್ಚಿದ ಅರ್ಧ ಹಸಿರಿಗೆ ತಿರುಗಿತ್ತು. ನಾನು "ಹೂಂ" ಎಂದೆ.

ಈಗ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಅಣ್ಣಾ, ನಿಜವಾಗ್ಲೂ ನಿಂಗೆ ಇದು ನೀಲಿ ಕಾಣತ್ತಾ?"

"ಅತ್ತೆ, ತಪ್ಪು ನಂದು," ಎಂದೆ ನಡುವೆ ಬಾಯಿ ಹಾಕಿ. "ಕೊನೇ ಕೋಟ್ ಹಾಕಿದ್ದು ನಾನು. ಡಬ್ಬಿ ಅದಲು ಬದಲಾಯ್ತು."

ಅಪ್ಪನ ನಗು ನಿಂತಿತು. "ನೀನಾ?"

"ಹೂಂ."

"ಕೆಳಗಿನ ಡ್ರಾಯರ್ ತೆಗಿ."

ಆಗ ನೆನಪಾಯಿತು. ಕೊನೆಯ ಕೋಟ್ ಹಾಕುವವರು ಅದಕ್ಕೂ ಮೊದಲು ಕೆಳಗಿನ ಡ್ರಾಯರಿನ ಅಡಿಯಲ್ಲಿ ಪೆನ್ಸಿಲ್ಲಿನಿಂದ ತಮ್ಮ ಗುರುತು ಬರೆಯಬೇಕು. ಮೇಲೆ ವಾರ್ನಿಷ್ ಕೂತರೆ ಅದನ್ನು ಅಳಿಸಲು ಯಾರಿಂದಲೂ ಆಗುವುದಿಲ್ಲ. ಆರು ವರ್ಷದಿಂದ ನಾನೂ ಬರೆಯುತ್ತಿದ್ದೇನೆ. ಅಪ್ಪನ ಗುರುತು ಮೀನು, ನನ್ನದು ಏಣಿ; ಅತ್ತೆಗೂ ಅದು ಗೊತ್ತು.

ನಾನು ಕದಲಲಿಲ್ಲ. ಅತ್ತೆಯೇ ಡ್ರಾಯರ್ ಎಳೆದು ಬೋರಲು ಹಾಕಿದಳು.

"ಏನಿದೆ ನೋಡೇ," ಎಂದ ಅಪ್ಪ.

ಅತ್ತೆ ನೋಡಿದಳು. ತುಸು ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ಅಣ್ಣನನ್ನು ನೋಡಿದಳು. ಅವನ ಕಣ್ಣು ಡ್ರಾಯರಿನ ಮೇಲೇ ಇತ್ತು, ಒಂದು ಮೊಳ ದೂರದಲ್ಲಿ.

"ಏಣಿ ಕಣೋ," ಎಂದಳು. ಅವಳ ದನಿಯ ಜೋರೆಲ್ಲ ಇಳಿದುಹೋಗಿತ್ತು. "ನಿನ್ನ ಮಗಳದ್ದೇ."

ಅಪ್ಪ ಹೆಬ್ಬೆರಳಿನಿಂದ ಆ ಜಾಗವನ್ನು ಸವರಿದ. ಬೆರಳಿಗೆ ಏನೂ ಸಿಗಲಿಲ್ಲ. ಸಿಗಲೂಬಾರದು, ಗೆರೆ ಕೈಗೆ ತಗುಲಿದರೆ ಕೋಟ್ ಸರಿಯಾಗಿ ಕೂತಿಲ್ಲ ಎಂದು ನನಗೆ ಕಲಿಸಿದವನು ಅವನೇ.

"ಆವತ್ತು ಕೆಟ್ಟ ಸೆಕೆ," ಎಂದ. "ಬಾಲ ಬರೆಯುವಾಗ ಪೆನ್ಸಿಲ್ ಜಾರ್ತು. ರಬ್ಬರ್ ಹುಡುಕಿದೆ, ಹಾಳಾದ್ದು ಸಿಗಲಿಲ್ಲ. ಪಕ್ಕದಲ್ಲೇ ಇನ್ನೊಂದು ಬಾಲ ಬರೆದೆ." ಬೆರಳು ಅಲ್ಲೇ ಇತ್ತು. "ಹೇಳೇ, ಆ ಏಣಿಗೆ ಎಷ್ಟು ಬಾಲ ಇದೆ?"

ಹೊರಗೆ ಗಾಡಿಯವನು ಕೆಮ್ಮಿದ.

"ಎರಡು, ಅಣ್ಣಾ," ಎಂದಳು ಅತ್ತೆ.

ಅಪ್ಪ ಸ್ಟೂಲಿನ ಮೇಲೆ ಕೂತ. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ, ಬೇರೆ ಯಾರದೋ ಸಾಮಾನು ಅಲ್ಲಿಟ್ಟಂತೆ.

"ಹಲಗೆ ನೋಡಿದಾಗ ನಿಂಗೆ ಗೊತ್ತಾಗಿತ್ತಾ?"

"ಹೂಂ."

"ಆವತ್ತೂ ಹೂಂ ಅಂದಿದ್ದೆ."

ಡಾಕ್ಟರ ಮಾತನ್ನು ಆಗ ಹೇಳಿದೆ. ಒಂದೂ ಬಿಡದೆ ಹೇಳಿದೆ. ಅವನು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಹೇಳಿ ಮುಗಿದ ಮೇಲೆ ನನಗೆ ಅಲ್ಲಿ ಸುಮ್ಮನೆ ನಿಲ್ಲಲಾಗಲಿಲ್ಲ. ಉಪ್ಪುಕಾಗದ ತೆಗೆದುಕೊಂಡು ಬೀರುವಿನ ಬಾಗಿಲನ್ನು ಉಜ್ಜತೊಡಗಿದೆ. ವಾರ್ನಿಷ್ ಅಂಟಂಟಾಗಿ ಕಾಗದಕ್ಕೆ ಮೆತ್ತಿಕೊಂಡು, ಆಮೇಲೆ ಹಳದಿ ಹುಡಿಯಾಗಿ ಉದುರಿತು. ಅದರ ಕೆಳಗೆ ಅಂಗೈಯಗಲದ ನೀಲಿ, ಎಂಟು ತಿಂಗಳ ಹಿಂದೆ ಬಳಿದದ್ದು, ಬಣ್ಣ ಕೆಡದೆ ಹಾಗೇ ಇತ್ತು.

ಕಾಗದದ ಸದ್ದು ನಿಂತದ್ದು ಅಪ್ಪನಿಗೆ ಕೇಳಿಸಿತು.

"ಬಂತಾ?"

"ಬಂತಪ್ಪಾ. ನೀಲಿ ಬಂತು. ಮೊದಲಿನ ಹಾಗೇ ಇದೆ."

ಅವನು ಒಮ್ಮೆ ನನ್ನ ಕಡೆಗೆ, ಒಮ್ಮೆ ತಂಗಿಯ ಕಡೆಗೆ ಮುಖ ತಿರುಗಿಸಿದ. ಆಮೇಲೆ ಬಾಗಿಲ ಕಡೆಗೆ ಕತ್ತು ಚಾಚಿ ಕೂಗಿದ.

"ಓ ಗಾಡಿಯಣ್ಣಾ! ಒಂದ್ನಿಮಿಷ ಒಳಗೆ ಬಾರಪ್ಪ. ಇಲ್ಲಿ ಉಜ್ಜಿದ್ದಾರಲ್ಲ, ಅದು ಯಾವ ಬಣ್ಣ ಹೇಳು."

ಗಾಡಿಯವನು ಒಳಗೆ ಬಂದು, ನಮ್ಮ ಮೂವರ ಮುಖ ನೋಡಿ, ಬಗ್ಗಿ ಬೀರುವನ್ನು ನೋಡಿದ.

"ನೀಲಿ ಅಲ್ವಾ ಯಜಮಾನ್ರೇ?"

"ಸರಿ," ಎಂದ ಅಪ್ಪ, ನನ್ನ ಕಡೆ ತಿರುಗಿ. "ಹಾಗಾದ್ರೆ ಉಜ್ಜು."