ಸಖುಬಾಯಿ ಕಾರು ನೋಡಿದ್ದು

ಮುಡಬಿಯ ಸಂಜುಕುಮಾರ ಹನ್ನೊಂದು ವರ್ಷದಿಂದ ಮುಡಬಿಗೂ ಬಸವಕಲ್ಯಾಣಕ್ಕೂ ಶೇರ್ ಆಟೋ ಓಡಿಸುತ್ತಿದ್ದ. ಓಡಿಸುತ್ತಿದ್ದ ಎನ್ನುವುದು ದೊಡ್ಡ ಮಾತಾಯಿತು. ಹಿಂದೆ ಎಂಟು ಜನ, ಮುಂದೆ ಅವನ ಎಡಕ್ಕೊಬ್ಬ ಬಲಕ್ಕೊಬ್ಬ, ತಲೆಯ ಮೇಲೆ ಎರಡು ಚೀಲ ತೊಗರಿ ಹೇರಿಕೊಂಡ ಆಟೋ ಓಡುವುದಿಲ್ಲ, ತೆವಳುತ್ತದೆ. ಅವನನ್ನು ಲಾರಿಗಳು ದಾಟಿ ಹೋಗಿದ್ದವು, ಟ್ರ್ಯಾಕ್ಟರುಗಳು ದಾಟಿ ಹೋಗಿದ್ದವು, ಒಮ್ಮೆ ಮದುವೆಯ ಬ್ಯಾಂಡಿನವರು ಬಾರಿಸುತ್ತಲೇ ನಡೆದು ದಾಟಿ ಹೋಗಿದ್ದರು. ಅವನಿಗೆ ಬಾಳಿನಲ್ಲಿ ಒಂದೇ ಒಂದು ಆಸೆ ಉಳಿದಿತ್ತು. ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುವಂಥ ಒಂದು ಗಾಡಿ ತನ್ನದಾಗಬೇಕು.

ಅಂಥ ಗಾಡಿಗಳಿಗೆ ಹೊಲ ಮಾರಬೇಕಾಗುತ್ತದೆ. ಆದರೆ ಅವನ ಪುಣ್ಯಕ್ಕೆ ಹುಮನಾಬಾದಿನ ಅಜೀತ ಎಂಬವನು ಮಾರಲಿಕ್ಕಿದೆ ಎಂದು ಮೊಬೈಲಿನಲ್ಲಿ ಒಂದು ಫೋಟೋ ಹಾಕಿದ್ದ. ಕೆಂಪು ಬಣ್ಣದ ಸಣ್ಣ ಕಾರು, ಆರು ವರ್ಷದ ಹಳೆಯದು, ಒಳಗೆ ಮಾತ್ರ ಟರ್ಬೊ ಎಂಜಿನ್. ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಅವರೇನು ನನಗೆ ಚಹಾ ಕುಡಿಸುತ್ತಾರೆಯೇ? ನೋಡಲು ಮೂಲೆಯಲ್ಲಿ ಮುದುಡಿಕೊಂಡ ಬೆಕ್ಕಿನಂತಿದ್ದ ಆ ಕಾರು ಹೆದ್ದಾರಿಗೆ ಬಿಟ್ಟರೆ ದೊಡ್ಡ ದೊಡ್ಡ ಗಾಡಿಗಳಿಗೆ ಧೂಳು ತಿನ್ನಿಸುತ್ತದೆ ಎಂದು ಬಸವಕಲ್ಯಾಣದ ಮೆಕ್ಯಾನಿಕ್ ಅಬ್ದುಲ್ ಕರೀಂ ಆಣೆ ಮಾಡಿ ಹೇಳಿದ್ದ. ಹೋದ ವಾರ ಅವನೇ ಹೋಗಿ ನೋಡಿ, ಕಣ್ಣು ಮುಚ್ಚಿ ತಗೋ ಎಂದಿದ್ದ. ಸಂಜು ಅಂದೇ ಸಂಚಕಾರದ ಮುಂಗಡ ಕಳಿಸಲು ಮೊಬೈಲು ಕೈಗೆತ್ತಿಕೊಂಡಿದ್ದ.

"ನೀರಾಗಿನ ಎಮ್ಮಿಗೆ ರೊಕ್ಕ ಕೊಡತಿ ಏನು?" ಎಂದು ಕೇಳಿದವಳು ಸಖುಬಾಯಿ.

ಸಖುಬಾಯಿ ಅವನ ತಾಯಿಯ ತಂಗಿ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು. ಕಾರಿಗೆಂದು ಕೂಡಿಟ್ಟ ಹಣದಲ್ಲಿ ಅರ್ಧ ಆಕೆ ಎರಡು ಎಮ್ಮೆ ಮಾರಿ ಕೊಟ್ಟದ್ದು. ದನ ನೋಡುವುದರಲ್ಲಿ ಸುತ್ತಲಿನ ಊರುಗಳಲ್ಲಿ ಆಕೆಯ ಸಮ ಯಾರೂ ಇರಲಿಲ್ಲ. ಸಂತೆಯಲ್ಲಿ ಮೀಸೆ ಹೊತ್ತ ದಲಾಲರೂ ಆಕೆ ಬಂದರೆ ದನದ ಹಗ್ಗ ಸಡಿಲ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ಆಕೆ ಹೂಂ ಎನ್ನದೆ ಕಾಲಿನದಾಗಲಿ ಗಾಲಿಯದಾಗಲಿ ಮನೆಯ ಅಂಗಳಕ್ಕೆ ಬರುವಂತಿರಲಿಲ್ಲ.

"ಕರೀಂ ಚಾಚಾ ನೋಡ್ಯಾನ ಮೌಶಿ," ಎಂದ ಸಂಜು.

"ಗಂಡಸರು ಕೊಂಬು ನೋಡತಾರ. ಕೆಚ್ಚಲು ನೋಡೂದು ನಾವು. ನಾ ಬರತೀನಿ ನಡಿ."

ಹೀಗೆ ಒಂದು ಆದಿತ್ಯವಾರ ಮುಂಜಾನೆ ಹತ್ತಕ್ಕೆ ಇಬ್ಬರೂ ಹುಮನಾಬಾದಿಗೆ ಬಸ್ಸಿನಲ್ಲಿ ಬಂದಿಳಿದರು. ಸಖುಬಾಯಿಯ ಕೈಚೀಲದಲ್ಲಿ ಎರಡು ಮಾರು ಉದ್ದದ ಹೊಸ ಹಗ್ಗ ಇತ್ತು. ದನ ಮಾರುವವರು ಹಗ್ಗ ಕೊಡುವುದಿಲ್ಲ, ಹಗ್ಗದ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆಂದು ಬಿಚ್ಚಿ ಇಟ್ಟುಕೊಳ್ಳುತ್ತಾರೆ. ಕೊಳ್ಳುವವರು ತಮ್ಮ ಹಗ್ಗ ತಾವೇ ಒಯ್ಯಬೇಕು. ಕಾರಿಗೆ ಹಗ್ಗ ಯಾಕೆಂದು ಸಂಜು ಕೇಳಲಿಲ್ಲ. ಆಕೆ ಬಂದದ್ದೇ ದೊಡ್ಡದು, ಹಗ್ಗ ಇರಲಿ ಬಿಡು ಎಂದುಕೊಂಡ.

ಅಜೀತನಿಗೆ ಮಾಣಿಕನಗರದಲ್ಲಿ ಮೊಬೈಲ್ ದುಕಾನ. ಮೂವತ್ತರ ಹರೆಯ, ಗಡ್ಡ ಚೊಕ್ಕಟ, ಕಣ್ಣು ಮಾತ್ರ ಯಾಕೋ ಕೆಂಪಗಿದ್ದವು. ಮನೆಯ ಮುಂದೆ ಬೇವಿನ ನೆರಳಿನಲ್ಲಿ ಕಾರು ನಿಂತಿತ್ತು. ಫೋಟೋದಲ್ಲಿದ್ದುದಕ್ಕಿಂತ ಕೆಂಪು, ಫೋಟೋದಲ್ಲಿದ್ದುದಕ್ಕಿಂತ ಗಿಡ್ಡ, ಗಾಲಿಗಳು ಅಗಲ. ಇದು ಇವತ್ತು ಸಿಗದಿದ್ದರೆ ತಾನು ಸಾಯುವವರೆಗೆ ತೊಗರಿ ಚೀಲದ ಕೆಳಗೇ ಇರುತ್ತೇನೆಂದು ಸಂಜುವಿಗೆ ಖಾತ್ರಿಯಾಯಿತು.

"ಬರ್ರಿ ಆಯಿ," ಎಂದ ಅಜೀತ.

ಸಖುಬಾಯಿ ಅವನ ಕಡೆ ನೋಡಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದಳು. ಕೂತು ಟೈರಿನ ಹಲ್ಲುಗಳಲ್ಲಿ ಉಗುರು ತೂರಿಸಿ ನೋಡಿದಳು. ಬಾಗಿಲು ತೆಗೆದು ಒಳಗೆ ಮೂಗು ಹಾಕಿ ವಾಸನೆ ತೆಗೆದುಕೊಂಡಳು. ಹಿಂದಿನ ಎಡಗಾಲಿಯ ಮೇಲೆ ತಗ್ಗು ಬಿದ್ದದ್ದನ್ನು ಕಂಡು, ದನದ ಮೈಮೇಲಿನ ಕೂದಲ ಸುಳಿಯ ಶಕುನ ನೋಡುವವಳಂತೆ ಬೆರಳಿಟ್ಟಳು.

"ಇಲ್ಲಿ ಸುಳಿ ಅದ."

"ಸುಳಿ ಅಲ್ರಿ ಆಯಿ, ಯಾರೋ ಬೈಕ್ ತಾಗಿಸ್ಯಾರ."

"ಹಿಂದಿನ ಸುಳಿ ಏನೂ ಮಾಡೂದಿಲ್ಲ, ಇರಲಿ. ದಿನಾ ಎಷ್ಟು ಕುಡೀತದ?"

"ಲೀಟರಿಗೆ ಹನ್ನೊಂದು ಕಿಲೋಮೀಟರ್ ಕೊಡತದ್ರಿ. ಜೋರು ಹೊಡದ್ರ ಎಂಟು."

"ಅಂದ್ರ ಇದು ಕುಡಿಯೂದು ಅಷ್ಟ. ಹಿಂಡೂದು ಏನೂ ಇಲ್ಲ," ಎಂದು ಸಖುಬಾಯಿ ಸಂಜುವಿನ ಕಡೆ ತಿರುಗಿದಳು. "ಹೋರಿ ಇದು. ಒದೀತದೇನು?"

ಅಜೀತನ ಮುಖ ಮೊದಲ ಸಲ ಅರಳಿತು. "ಒದೀತದ್ರಿ ಆಯಿ. ಎರಡನೇ ಗೇರಿನಾಗ ಕಾಲು ಪೂರ್ತಿ ಒತ್ತಿದ್ರ ಹಿಂದಿಂದ ಯಾರರೆ ಒದ್ದಂಗ ಆಗತದ."

"ಒದೆಯೂ ಮಾಲ್ ನಮಗ ಬ್ಯಾಡ."

ಸಂಜು ಮೌಶಿಯನ್ನು ಪಕ್ಕಕ್ಕೆ ಕರೆದು, ಒದೆಯುವುದಕ್ಕಾಗಿಯೇ ತಾನು ಇದನ್ನು ಕೊಳ್ಳುತ್ತಿರುವುದು, ಒದೆಯದ ಕಾರು ಬೇಕಿದ್ದರೆ ಊರ ತುಂಬ ಇವೆ ಎಂದು ಕೈಮುಗಿದು ತಿಳಿಸಿದ. ಸಖುಬಾಯಿ ಅರೆಮನಸ್ಸಿನಿಂದ ತಲೆಯಾಡಿಸಿ, ಕೊನೆಯ ಪರೀಕ್ಷೆಗೆಂದು ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಇಟ್ಟ ಕೈಯನ್ನು ಹಾಗೇ ಹಿಡಿದಳು. ಮುಖ ಬಿಗಿಯಾಯಿತು.

"ಬೆಚ್ಚಗದ."

ಅಜೀತ ನೆಲ ನೋಡಿದ.

ಸಂತೆಗೆ ಕುಂಟುವ ಎತ್ತನ್ನು ತರುವವನು ನಸುಕಿನಲ್ಲೇ ಅದನ್ನು ಎರಡು ಮೈಲಿ ನಡೆಸಿ ತರುತ್ತಾನೆ. ಮೈ ಬಿಸಿಯಾದ ಎತ್ತು ಕುಂಟುವುದಿಲ್ಲ. ಮಾರನೆಯ ದಿನ ಕೊಂಡವನ ಕೊಟ್ಟಿಗೆಯಲ್ಲಿ ಕುಂಟುತ್ತದೆ. ಈ ಆಟವನ್ನು ಸಖುಬಾಯಿ ನೂರು ಸಲ ಹಿಡಿದಿದ್ದಳು. ವಿಚಿತ್ರವೆಂದರೆ ಕರೀಂ ಚಾಚಾನೂ ಅದನ್ನೇ ಹೇಳಿದ್ದ: ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡು, ಬಿಸಿ ಎಂಜಿನ್ನು ಎಲ್ಲ ರೋಗ ಮುಚ್ಚಿಕೊಳ್ಳುತ್ತದೆ ಎಂದು. ಸಂಜು ಕೆಂಪು ಬಣ್ಣ ನೋಡಿದ್ದೇ ಆ ಮಾತು ಮರೆತುಬಿಟ್ಟಿದ್ದ.

"ತಣ್ಣಗ ಆರೂತನ ಕುಂದರತೀವಿ," ಎಂದಳು ಸಖುಬಾಯಿ, ಮತ್ತು ಕುಳಿತೇಬಿಟ್ಟಳು.

ಅವರು ನಾಲ್ಕು ತಾಸು ಕುಳಿತರು. ಎರಡು ಸಲ ಚಹಾ ಬಂತು. ಅಜೀತನ ಹೆಂಡತಿ ಪೂನಂ ಏಳು ತಿಂಗಳ ಬಸುರಿ, ಶಾಲೆಯ ಟೀಚರು. ಬೇಡವೆಂದರೂ ಕೇಳದೆ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಸಖುಬಾಯಿ ಮೂರು ರೊಟ್ಟಿ ತಿಂದು, ನಡುನಡುವೆ ಎದ್ದು ಹೋಗಿ ಜ್ವರ ಬಂದ ಕೂಸಿನ ಹಣೆ ನೋಡಿದ ಹಾಗೆ ಬಾನೆಟ್ ಮುಟ್ಟಿ ಬರುತ್ತಿದ್ದಳು. ಸಂಜುವಿಗೆ ಒಂದು ತುತ್ತೂ ಇಳಿಯಲಿಲ್ಲ. ಎರಡು ಗಂಟೆಯ ಹೊತ್ತಿಗೆ ಕಬ್ಬಿಣ ತಣ್ಣಗಾಯಿತು.

"ಚಾಲೂ ಮಾಡು ತಮ್ಮಾ."

ಅಜೀತ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಎಂಜಿನ್ನು ಎದ್ದಿತು. ಕೆಮ್ಮಲಿಲ್ಲ, ಹೊಗೆ ಉಗುಳಲಿಲ್ಲ, ನಡುಗಲಿಲ್ಲ. ಸಂಜು ಕಣ್ಣು ಮುಚ್ಚಿ ಮಾಣಿಕಪ್ರಭುವಿಗೆ ಕಾಯಿ ಹರಕೆ ಹೊತ್ತ. ಸಖುಬಾಯಿ ಮಾತ್ರ ಹುಬ್ಬು ಗಂಟಿಕ್ಕಿದಳು. ರೋಗವಿದ್ದರೆ ಆಕೆಗೆ ಅರ್ಥವಾಗುತ್ತಿತ್ತು, ರೋಗವಿಲ್ಲದ್ದು ಅರ್ಥವಾಗಲಿಲ್ಲ.

"ಹಂಗಾದ್ರ ಮುಂಜಾನೆ ಯಾಕ ಬೆಚ್ಚಗಿತ್ತು? ಖರೆ ಹೇಳು."

ಅಜೀತ ಸ್ಟೀರಿಂಗ್ ಹಿಡಿದುಕೊಂಡೇ ಕುಳಿತಿದ್ದ. "ಕೊನೀದು ಅಂತ... ಚಿಟಗುಪ್ಪಾತನ ಹೊಡಕೊಂಡು ಬಂದೆ ಆಯಿ. ನಾನೂ ಇದೂ, ಇಬ್ಬರೇ," ಎಂದ. ಅಷ್ಟು ಹೇಳಿದ್ದೇ ಅವನ ಕಣ್ಣಿನಿಂದ ಎರಡು ಹನಿ ಸ್ಟೀರಿಂಗಿನ ಮೇಲೆ ಬಿದ್ದವು.

ಸಖುಬಾಯಿ ಚೀಲ ಹೆಗಲಿಗೆ ಹಾಕಿಕೊಂಡಳು. "ಏಳು ಸಂಜು. ಬಸ್ಸು ಸಿಗತದ."

"ಯಾಕ ಮೌಶಿ? ಏನಾತು?"

"ಮಾಲಕನ ಕಣ್ಣೀರು ಬಿದ್ದ ದನ ತರಬಾರದು. ತಂದ ಮನ್ಯಾಗ ನಿಲ್ಲೂದಿಲ್ಲ."

ಹೇಳಿದರೆ ಮುಗಿಯಿತು. ಆಕೆ ಒಮ್ಮೆ ಇಂಥದ್ದೇ ಕಾರಣಕ್ಕೆ ದಿನಕ್ಕೆ ಹನ್ನೆರಡು ಲೀಟರ್ ಕರೆಯುವ ಎಮ್ಮೆಯನ್ನು ಬಿಟ್ಟು ಬಂದವಳು. ಸಂಜುವಿಗೆ ಸಿಟ್ಟು, ದುಃಖ ಎರಡೂ ಒಟ್ಟಿಗೆ ಬಂದವು. ರೋಗದ ಎಂಜಿನ್ನಿಗಾದರೆ ಕರೀಂ ಚಾಚಾ ಇದ್ದ. ಅಳುವ ಮಾಲಕನನ್ನು ರಿಪೇರಿ ಮಾಡುವ ಮೆಕ್ಯಾನಿಕ್ ಎಲ್ಲಿ ಸಿಗಬೇಕು? ಅವನಿಗೆ ತೋಚಿದ್ದು ಒಂದೇ ಉಪಾಯ. ಅಜೀತನ ಮನಸ್ಸು ಹಗುರ ಮಾಡಲೆಂದು ಕಾರನ್ನು ಬೈಯತೊಡಗಿದ.

"ಅಳೂದ್ಯಾಕ್ರಿ ಅಣ್ಣಾ, ಅಳುವಂಥಾದ್ದು ಏನದ ಇದರಾಗ? ಹಿಂದ ಕಾಲು ಇಡಾಕ ಜಾಗಾ ಇಲ್ಲ. ಡಿಕ್ಕಿನ್ಯಾಗ ಒಂದು ಕುಂಬಳಕಾಯಿ ಹಿಡಿಯೂದಿಲ್ಲ. ಬಣ್ಣ ನೋಡಿದ್ರ ಟೊಮೆಟೋ ನೆನಪಾಗತದ. ಹೋದದ್ದು ಛಲೋ ಆತು ಅನ್ರಿ."

ಅಜೀತ ತಲೆಯೆತ್ತಿ ಅವನನ್ನು ದಿಟ್ಟಿಸಿದ. "ಇದಕ್ಕ ಟೊಮೆಟೋ ಅಂತೀರಿ," ಎಂದ, ಮತ್ತು ಈ ಸಲ ಸದ್ದು ಮಾಡಿಯೇ ಅತ್ತ. ಇಂಥವರ ಕೈಗೆ ಕೊಡಬೇಕಲ್ಲ ಎಂಬ ಸಂಕಟವೂ ಈಗ ಸೇರಿಕೊಂಡಿತ್ತು. ಸಂಜು ಇಂಗು ತಿಂದ ಮಂಗನಾದ. ಸಖುಬಾಯಿ ಆಗಲೇ ಗೇಟು ದಾಟಿದ್ದಳು.

ಆಗ ಒಳಗಿನಿಂದ ಪೂನಂ ಸೊಂಟಕ್ಕೆ ಕೈಕೊಟ್ಟುಕೊಂಡು ಹೊರಗೆ ಬಂದಳು. ಎಲ್ಲವನ್ನೂ ಆಕೆ ಬಾಗಿಲ ಹಿಂದೆ ನಿಂತು ಕೇಳಿದ್ದಳು.

"ಆಯಿ, ನಿಂದರ್ರಿ. ಗಂಡಸರ ಕಣ್ಣೀರಿಗೆ ಅಷ್ಟ ಲೆಕ್ಕ ಏನು? ಎರಡು ವರ್ಷಾತು ನಾ ಇದರಾಗ ಕುಂತು ಅಳಾಕತ್ತೀನಿ. ಸ್ಪ್ರಿಂಗ್ ಕಲ್ಲಿನಂಗ ಅವ. ಹುಮನಾಬಾದಿನಾಗ ಎಷ್ಟು ಹಂಪ್ ಅವ ಅಂತ ನನ್ನ ಸೊಂಟಕ್ಕ ಕೇಳ್ರಿ. ಡಾಕ್ಟರ್ ಬಾಯಿ ಇದರಾಗ ಕುಂದರಬ್ಯಾಡ ಅಂದಾಳ. ಇದು ಹೋಗಿ ಒಂದು ಮೆತ್ತಗಿನ ಗಾಡಿ ಬರಲಿ ಅಂತ ದೇವರಿಗೆ ಬೇಡಕೊಂಡೀನಿ."

ಸಖುಬಾಯಿ ತಿರುಗಿ ಬಂದಳು. ಆಕೆಯ ಮುಖದಲ್ಲಿ ಸಂತೆಯ ಕಳೆ ಬಂದಿತ್ತು. "ಒಂದು ಮಾತು ಹೇಳು ತಂಗಿ. ಇದಕ್ಕ ದಿನಾ ಹೊಟ್ಟಿಗೆ ಹಾಕೋರು ಯಾರು?"

"ಪೆಟ್ರೋಲಾ? ನಾನ. ದುಕಾನದ್ದು ಮನಿಗೆ, ನನ್ನ ಪಗಾರ ಇದರ ಹೊಟ್ಟಿಗೆ."

"ನೀ ಏನೂ ಹಾಕೂದಿಲ್ಲಾ?" ಎಂದು ಸಖುಬಾಯಿ ಅಜೀತನನ್ನು ಕೇಳಿದಳು.

"ನಾ ತೊಳೀತೀನ್ರಿ," ಎಂದ ಅಜೀತ ಮೂಗು ಒರೆಸಿಕೊಳ್ಳುತ್ತ.

"ಮೈ ತೊಳೆದಂವ ಮಾಲಕ ಅಲ್ಲ. ಮೇವು ಹಾಕಿದಾಕೀದು ದನ," ಎಂದು ಸಖುಬಾಯಿ ತೀರ್ಪು ಕೊಟ್ಟಳು. "ಮಾಲಕಿ ಖುಷಿಯಿಂದ ಕೊಡಾಕತ್ತಾಳ. ಇವನ ಕಣ್ಣೀರು ಲೆಕ್ಕಕ್ಕ ಹಿಡಿಯೂದಿಲ್ಲ."

ಸಂಜುವಿಗೆ ಆಕೆಯ ಕಾಲು ಹಿಡಿಯಬೇಕೆನಿಸಿತು, ಹಿಡಿದೂ ಬಿಟ್ಟ. ಹಣ ಕೊಟ್ಟು ಕಾಗದಕ್ಕೆ ಸಹಿ ಹಾಕಿದ್ದಾಯಿತು. ಪೂನಂ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಕೀಲಿಯನ್ನು ಗೊಂಚಲಿನಿಂದ ಬಿಚ್ಚಿ ಗೊಂಚಲನ್ನು ತಾನಿಟ್ಟುಕೊಂಡಳು, ಅದು ಆ ಮನೆಯ ಲಕ್ಷ್ಮಿ. ಬರಿಯ ಕೀಲಿಯನ್ನು ಸಖುಬಾಯಿ ಸೆರಗೊಡ್ಡಿ ಇಸಿದುಕೊಂಡು ತನ್ನ ಹೊಸ ಹಗ್ಗಕ್ಕೆ ಬಿಗಿದು ಕಟ್ಟಿದಳು. ಕೀಲಿ ತನ್ನ ತೂತಿಗೆ ಹೋಯಿತು, ಹಗ್ಗದ ಇನ್ನೊಂದು ತುದಿ ಪಕ್ಕದ ಸೀಟಿನಲ್ಲಿ ಕುಳಿತ ಸಖುಬಾಯಿಯ ಮುಷ್ಟಿಯಲ್ಲಿ ಉಳಿಯಿತು.

ಸಂಜು ಗೇರು ಹಾಕಿದ. ಹನ್ನೊಂದು ವರ್ಷದ ಆಸೆಯೆಲ್ಲ ಬಲಗಾಲಿಗೆ ಇಳಿದಿತ್ತು.

"ಸಾವಕಾಶ," ಎಂದಳು ಸಖುಬಾಯಿ. "ಹೊಸಾ ಮಾಲ್ ಮೊದಲ ದಿನ ಓಡಸಬಾರದು. ದಾರಿಗೆ ಅಂಜತದ. ನಡಸಗೋತ ಹೋಗೂಣು."

"ಬಸವಕಲ್ಯಾಣತನಾ?"

"ಮನೀತನ."

ಹೀಗೆ ಆ ಕಾರು ಹುಮನಾಬಾದಿನ ಬೀದಿಯಲ್ಲಿ ಹೆಜ್ಜೆಯ ಲೆಕ್ಕದಲ್ಲಿ ಹೊರಟಿತು. ಮಾರಿದ ದನವನ್ನು ಊರ ಗಡಿಯವರೆಗೆ ಕಳಿಸಿಕೊಡುವವರಂತೆ ಅಜೀತ ಪಕ್ಕದಲ್ಲೇ ನಡೆಯುತ್ತ ಬಂದ, ಒಂದು ಕೈ ಕಾರಿನ ಬೆನ್ನ ಮೇಲೆ. ಅವನಿಗೇನೂ ಓಡಬೇಕಾಗಲಿಲ್ಲ, ನಡುವೆ ನಿಂತು ಚಪ್ಪಲಿ ಸರಿಮಾಡಿಕೊಂಡು ಮತ್ತೆ ಹಿಡಿದ. ಸೈಕಲ್ ಮೇಲೆ ಬಂದ ಮುದುಕನೊಬ್ಬ ದಾಟಿ ಹೋದ. ಸಂಜುವಿಗೆ ಅಳು ಬಂತು, ಆದರೆ ಕೊಂಡವನು ಅತ್ತರೆ ಏನು ಶಾಸ್ತ್ರವಿದೆಯೋ ಎಂದು ಹೆದರಿ ನುಂಗಿಕೊಂಡ.

ಹೆದ್ದಾರಿ ಕೂಡುವಲ್ಲಿ ಅಜೀತ ನಿಂತ. ಕೈ ಬಿಟ್ಟ. ತಾನು ಗಾಳಿಯಂತೆ ಹಾರಿಸಿದ ಗಾಡಿ ಮೊದಲನೇ ಗೇರಿನಲ್ಲಿ ಗುಡುಗುಡು ಎನ್ನುತ್ತ ಹೆಳವನಂತೆ ಹೋಗುವುದನ್ನು ಕಂಡು ಅವನ ಎದೆ ಒಡೆಯಿತು. ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು, ಹೋಗಿಬರುವವರ ಹಂಗಿಲ್ಲದೆ, ಬಾಯಿಬಿಟ್ಟು ಅತ್ತ.

ಸಖುಬಾಯಿಯ ಬೆನ್ನು ನೆಟ್ಟಗಾಯಿತು. ತೀರ್ಪು ಕೊಟ್ಟದ್ದೇನೋ ಸರಿ, ಆದರೆ ಇಷ್ಟು ಕಣ್ಣೀರಿಗೆ ಆಕೆ ತೀರ್ಪು ಕೊಟ್ಟಿರಲಿಲ್ಲ.

"ತಿರುಗಿ ನೋಡಬ್ಯಾಡ. ಓಡಸು."

"ಮೊದಲ ದಿನ ಓಡಸಬಾರದು ಅಂದೆಲ್ಲ ಮೌಶಿ."

"ಕಣ್ಣೀರು ಬೆನ್ನು ಹತ್ತತದೋ ಹುಚ್ಚಾ. ಮುಟ್ಟೂದ್ರಾಗ ಗಡಿ ದಾಟಬೇಕು. ಓಡಸು ಅಂದ್ರ ಓಡಸು."

ಸಂಜು ಎರಡನೇ ಗೇರಿಗೆ ಹಾಕಿ ಕಾಲು ಪೂರ್ತಿ ಒತ್ತಿದ. ಕಾರು ಒದ್ದಿತು. ಇಬ್ಬರ ಬೆನ್ನೂ ಸೀಟಿಗೆ ಅಂಟಿಕೊಂಡವು, ಸಖುಬಾಯಿಯ ಸೆರಗು ತಲೆಯಿಂದ ಜಾರಿತು, ಹೊಲ, ಕಂಬ, ಧಾಬಾ ಒಂದಕ್ಕೊಂದು ತಾಗಿಕೊಂಡು ಹಿಂದೆ ಹೋದವು. ಒಂದು ಲಾರಿ ಹಿಂದೆ ಬಿತ್ತು, ಎರಡು ಬಸ್ಸು ಹಿಂದೆ ಬಿದ್ದವು. ಸಂಜುವಿನ ಹೊಟ್ಟೆಯೊಳಗಿಂದ ಒಂದು ನಗು ಎದ್ದು ಬಂತು, ಅವನು ಜೀವಮಾನದಲ್ಲಿ ಹಾಗೆ ನಕ್ಕಿರಲಿಲ್ಲ. ಮೂರು, ನಾಲ್ಕು, ಐದು ಗೇರು ಮುಗಿದವು.

ಆಮೇಲೆ ಅವನಿಗೆ ಮೌಶಿಯ ನೆನಪಾಯಿತು. ಕಾಲು ತೆಗೆದು ವೇಗ ಇಳಿಸಿದ. ಸಖುಬಾಯಿ ಜಾರಿದ ಸೆರಗನ್ನೂ ಏರಿಸಿಕೊಳ್ಳಲಿಲ್ಲ. ಕಾರು ಮತ್ತೆ ಸಂಭಾವಿತನಂತೆ ನಡೆಯತೊಡಗಿತು. ಹುಮನಾಬಾದು ಹದಿನೈದು ಕಿಲೋಮೀಟರ್ ಹಿಂದೆ ಉಳಿದಿತ್ತು, ರಸ್ತೆ ಖಾಲಿ ಇತ್ತು, ಎಂಜಿನ್ನು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವನು ಬೈಗುಳಕ್ಕೆ ಕಿವಿ ಸಿದ್ಧಮಾಡಿಕೊಂಡು ಕಾದ.

ಸಖುಬಾಯಿ ಬೆನ್ನನ್ನು ಸೀಟಿಗೆ ಒತ್ತಿಕೊಂಡು, ಕತ್ತು ವಾರೆ ಮಾಡಿ ಏನನ್ನೋ ಆಲಿಸಿದಳು.

"ಸಂಜು," ಎಂದಳು. "ಇನ್ನೂ ಕೇಳಸಾಕತ್ತದ ನೋಡು, ಅಂವ ಅಳೂದು."